ಮುಳುಗುವ ದೇಶದ ಕುರ್ಚಿ

"ನಾನು ಮುಳುಗೋದಿಲ್ಲ! ಬೇಕಾದ್ರೆ ನೀವೇ ಮುಳುಗಿ!"

"ರೀ ಗುಮಾಸ್ತರೇ, ಯಾರಾದ್ರೂ ಒಬ್ರು ಮುಳುಗಲೇಬೇಕಲ್ಲ? ನಿಮ್ಮ ಮುಖ ಅದಕ್ಕೆ ಸರಿಯಾಗಿದೆ," ಎಂದರು ಹೆಡ್ ಕ್ಲಾರ್ಕ್.

"ಮುಖದ ವಿಷಯ ಎತ್ತಬೇಡಿ! ಶ್ರೀಮಂತ ದೇಶ ನಿಮಗೆ, ಎಣ್ಣೆ ದೇಶ ಡ್ರೈವರಿಗೆ, ಬೆಳೆಯೋ ದೇಶ ಟೈಪಿಸ್ಟ್ ಅಕ್ಕನಿಗೆ. ನನಗೆ ಮಾತ್ರ ಸಮುದ್ರದ ಮಧ್ಯೆ ಒಂದು ಹಿಡಿ ಮರಳು!"

ಪರಿಸರ ಇಲಾಖೆಯ ಕಚೇರಿ ಅದು. ಹವಾಮಾನ ಬದಲಾವಣೆಯ ಬಗ್ಗೆ ಜಗತ್ತಿನ ದೇಶಗಳೆಲ್ಲ ಮುಂದಿನ ವಾರ ಒಂದೆಡೆ ಸೇರಿ ಮಾತುಕತೆ ನಡೆಸುವುದಿತ್ತು. ಅಲ್ಲಿಗೆ ಹೊರಟಿದ್ದ ನಿರ್ದೇಶಕರಿಗೆ ಒಂದು ತಾಲೀಮು ಬೇಕಿತ್ತು. ಸಿಬ್ಬಂದಿ ಒಬ್ಬೊಬ್ಬರು ಒಂದೊಂದು ದೇಶವಾಗಿ ವಾದಿಸಬೇಕು. ಎಲ್ಲರಿಗಿಂತ ಚೆನ್ನಾಗಿ ವಾದಿಸಿದವರು ಸಹಾಯಕರಾಗಿ ಅವರೊಡನೆ ವಿಮಾನ ಹತ್ತಬಹುದು. ದೇಶ ಹಂಚುವ ಕೆಲಸ ಹೆಡ್ ಕ್ಲಾರ್ಕರಿಗೆ ಸಿಕ್ಕಿತು. ಅವರು ತಮಗೆ ದ್ವೀಪ ಇಟ್ಟುಕೊಳ್ಳುವಷ್ಟು ದಡ್ಡರೇ?

ಗುಮಾಸ್ತ ವಿಮಾನವನ್ನು ಕತ್ತೆತ್ತಿ ನೋಡಿದ್ದನೇ ಹೊರತು ಹತ್ತಿದವನಲ್ಲ. ಆದರೂ ಅವನ ಹೆಂಡತಿ, "ನಮ್ಮೋರು ಹೊರಟಿದಾರೆ" ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಪಕ್ಕದ ಮನೆಯಾಕೆ ಸೆಂಟು ತರಲು ಹೇಳಿದ್ದಳು. ವಿಮಾನವನ್ನೇ ಕಾಣದ ಎದುರು ಮನೆಯ ಮೇಷ್ಟ್ರು, ವಿಮಾನದಲ್ಲಿ ಹೇಗೆ ಕೂರಬೇಕೆಂದು ಜಗುಲಿಯ ಮೇಲೆ ಕೂತು ತೋರಿಸಿದ್ದರು. "ಭಾವ, ಪ್ರತಿನಿಧಿ ಅಂದ್ರೆ ಪ್ರತಿನಿಧಿ ಥರ ಕಾಣ್ಬೇಕು" ಎಂದು ಭಾವಮೈದುನ ತನ್ನ ಉಣ್ಣೆ ಕೋಟನ್ನೇ ತೊಡಿಸಿ ಕಳಿಸಿದ್ದ. ಆ ಸೆಕೆಯಲ್ಲಿ ಗುಮಾಸ್ತ ಕುಕ್ಕರಿನೊಳಗಿನ ಆಲೂಗಡ್ಡೆಯಂತೆ ಬೇಯುತ್ತಿದ್ದ. ಈಗ ಬರಿಗೈಯಲ್ಲಿ ಮನೆಗೆ ಹೋದರೆ ಬೀದಿಯಲ್ಲಿ ತಲೆ ಎತ್ತುವಂತಿರಲಿಲ್ಲ.

ಅವನ ಕುರ್ಚಿಯೂ ತಲೆ ಎತ್ತಲು ಬಿಡುವಂಥದ್ದಲ್ಲ. ಒಂದು ಕಾಲು ಮುರಿದಾಗ ಉಳಿದ ಮೂರನ್ನೂ ಕೊಯ್ದು ಸಮ ಮಾಡಿದ್ದ ಗಿಡ್ಡ ಕುರ್ಚಿ. ಅದರಲ್ಲಿ ಕೂತರೆ ಮೇಜಿನ ಮೇಲೆ ಅವನ ಗಲ್ಲದಿಂದ ಮೇಲಿನ ಭಾಗ ಮಾತ್ರ ಕಾಣುತ್ತಿತ್ತು.

ನಿರ್ದೇಶಕರು ಒಳಗೆ ಬಂದವರೇ, "ಭೇಷ್! ಆಗಲೇ ಮುಳುಗ್ತಾ ಇದ್ದೀರಿ! ಶುರು ಮಾಡಿ," ಎಂದರು.

"ಹೊಗೆ ಕಡಿಮೆ ಮಾಡೋಣ," ಎಂದರು ಶ್ರೀಮಂತ ಹೆಡ್ ಕ್ಲಾರ್ಕ್, ರಜೆ ಅರ್ಜಿಗೆ ಉತ್ತರಿಸುವ ದನಿಯಲ್ಲಿ. "ಆದರೆ ಈಗಲೇ ಬೇಡ. ಪರಿಶೀಲಿಸೋಣ."

"ಎಣ್ಣೆ ನಿಲ್ಲಿಸಿದ್ರೆ ನನ್ನ ಹೊಟ್ಟೆ ಗತಿ ಏನು ಸಾರ್?" ಎಂದ ಡ್ರೈವರ್.

"ನೀವೆಲ್ಲ ಉಂಡು ಕೈ ತೊಳ್ಕೊಂಡ್ರಿ," ಎಂದಳು ಟೈಪಿಸ್ಟ್. "ನಾನೀಗ ತಟ್ಟೆ ಮುಂದೆ ಕೂತಿದೀನಿ. ಹಸಿವು ಕಡಿಮೆ ಮಾಡ್ಕೋ ಅಂದ್ರೆ ಹೇಗ್ರೀ?"

ಗುಮಾಸ್ತ ಬಾಯಿ ತೆರೆದಾಗಲೆಲ್ಲ ಹೆಡ್ ಕ್ಲಾರ್ಕ್, "ಸಣ್ಣ ದೇಶ ಆಮೇಲೆ" ಎಂದು ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ವಾದದ ಆವೇಶದಲ್ಲಿ ಡ್ರೈವರ್ ಬೀಸಿದ ಕೈ ನೀರಿನ ಜಗ್ಗಿಗೆ ಬಡಿಯಿತು. ನೀರು ದಾರಿ ಗೊತ್ತಿದ್ದಂತೆ ಮೇಜಿನುದ್ದಕ್ಕೂ ಹರಿದು ಗುಮಾಸ್ತನ ಮಡಿಲಿಗೇ ಇಳಿಯಿತು.

"ಸಮುದ್ರ ಏರ್ತಾ ಇದೆ!" ಎಂದು ಟೈಪಿಸ್ಟ್ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಪರಿಶೀಲಿಸೋಣ," ಎಂದರು ಹೆಡ್ ಕ್ಲಾರ್ಕ್.

ಗುಮಾಸ್ತನಿಗೆ ರೇಗಿಹೋಯಿತು. ನೀರು ಸುರಿಸಿಕೊಂಡೇ ಕುರ್ಚಿಯ ಮೇಲೆ ಹತ್ತಿ ನಿಂತ.

"ಪರಿಶೀಲಿಸೋಣ! ಕುರ್ಚಿ ರಿಪೇರಿ ಮಾಡ್ಸಿ ಅಂದೆ, ಪರಿಶೀಲಿಸೋಣ ಅಂದ್ರಿ. ಕಾಲು ಮುರೀತು. ಹೊಸದು ಕೊಡಿ ಅಂದೆ, ಉಳಿದ ಕಾಲನ್ನೂ ಕೊಯ್ಸಿದ್ರಿ! ಕುರ್ಚಿ ತಗ್ಗಿಸಿದ್ದು ನೀವು, ಒದ್ದೆಯಾಗಿದ್ದು ನನ್ನ ಪ್ಯಾಂಟು! ಹೊಗೆ ಬಿಟ್ಟೋರು ನೀವು, ಮುಳುಗೋನು ನಾನಾ? ನನ್ನ ಮನೆ, ನನ್ನ ಮಕ್ಕಳ ಶಾಲೆ, ನನ್ನಪ್ಪನ ಸಮಾಧಿ, ಎಲ್ಲ ನೀರೊಳಗೆ ಹೋದ್ಮೇಲೆ ಯಾವನ್ರೀ ಬಂದು ಪರಿಶೀಲಿಸೋದು?"



"ಎಣ್ಣೆ ಬಿಟ್ಟೆ ಸಾರ್," ಎಂದ ಡ್ರೈವರ್, ಬಿದ್ದ ಜಗ್ಗನ್ನು ಎತ್ತಿಡುತ್ತ. "ಬೇರೆ ಏನಾದ್ರೂ ಮಾಡಿ ಬದುಕ್ತೀನಿ."

"ನಾನೂ ಅರ್ಧ ತಟ್ಟೆಗೇ ಏಳ್ತೀನಿ," ಎಂದಳು ಟೈಪಿಸ್ಟ್. ಅವಳ ಸೆರಗು ಈಗ ಕಣ್ಣಿನ ಬಳಿ ಇತ್ತು.

ಹೆಡ್ ಕ್ಲಾರ್ಕ್ ಮಾತ್ರ ಕೊನೆಯ ಪಟ್ಟು ಹಾಕಿದರು. "ಆಯ್ತಪ್ಪ, ಒಂದು ತಂಡ ಕಳಿಸಿ ನಿಮ್ಮ ದ್ವೀಪ ನೋಡಿಸ್ತೀನಿ."

"ತಂಡ! ನಾನು ಮುಳುಗೋದನ್ನ ನೋಡೋಕೆ ವಿಮಾನದ ತುಂಬ ಜನ! ಮಾತಾಡೋನು ಒಬ್ಬ, ಅವನ ಚೀಲ ಹಿಡಿಯೋನು ಇನ್ನೊಬ್ಬ! ಆ ವಿಮಾನದ ಹೊಗೆಗೇ ನನ್ನ ಅರ್ಧ ಊರು ಹೋಗುತ್ತೆ. ದೇಶಕ್ಕೆ ಒಬ್ಬ ಬಂದ್ರೆ ಸಾಕು, ಆ ಒಬ್ಬ ಹೊಗೆ ನಿಲ್ಲಿಸ್ತೀನಿ ಅಂತ ಹೇಳಿದ್ರೆ ಸಾಕು!"

"ಒಪ್ಪಿದೆ!" ಎಂದು ಮೇಜು ಗುದ್ದಿದವರು ನಿರ್ದೇಶಕರು. ಗಾಳಿ ಹೋದ ಟ್ಯೂಬಿನಂತೆ ಕುಗ್ಗಿದ ಹೆಡ್ ಕ್ಲಾರ್ಕ್ ಕೂಡ, "ಒಪ್ಪಿದೆ" ಎಂದರು.

ಡ್ರೈವರ್ ಗುಮಾಸ್ತನನ್ನು ಕೋಟಿನ ಸಮೇತ ಹೆಗಲ ಮೇಲೆ ಹೊತ್ತು ಕೋಣೆ ಸುತ್ತಿಸಿದ. ಪಕ್ಕದ ವಿಭಾಗದವರೂ ಓಡಿಬಂದು ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. "ಗೆದ್ದಿದ್ದು ನೀವೇ! ಅಲ್ಲೂ ಹೀಗೇ ನಡೆದ್ರೆ ಜಗತ್ತು ಉಳೀತದೆ!" ಎಂದು ಕೈ ಕುಲುಕಿದ ನಿರ್ದೇಶಕರು ತಮ್ಮ ಕೋಣೆಗೆ ಹೋದರು.

"ಗೆದ್ದೆ ಕಣೇ!" ಎಂದು ಗುಮಾಸ್ತ ಹೆಂಡತಿಗೆ ಫೋನು ಮಾಡಿದ. ಫೋನಿನೊಳಗಿಂದ ಇಡೀ ಬೀದಿಯ ಕೇಕೆ ಕೇಳಿಸಿತು.

ನಿರ್ದೇಶಕರು ಹಿಂತಿರುಗಿದಾಗ ಅವರ ಕಣ್ಣು ತೇವವಾಗಿತ್ತು. "ನಿಮ್ಮ ಕೊನೇ ಮಾತು ಎದೆಗೆ ನಾಟಿತು ಗುಮಾಸ್ತರೇ. ಮಾತಾಡೋನಿಗೆ ಚೀಲ ಹಿಡಿಯೋನು ಯಾಕೆ? ಸಹಾಯಕರ ಟಿಕೆಟ್ಟನ್ನ ಈಗಷ್ಟೇ ರದ್ದು ಮಾಡಿಸ್ದೆ. ನಾನೊಬ್ನೇ ಹೋಗ್ತೀನಿ. ಆದ್ರೆ ಅಲ್ಲಿ ಮೇಜು ಗುದ್ದಿ ನಿಮ್ಮ ಮಾತನ್ನೇ ಆಡ್ತೀನಿ!"

ಚಪ್ಪಾಳೆ ಇನ್ನೂ ಜೋರಾಯಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಹೆಡ್ ಕ್ಲಾರ್ಕ್.

"ಅಂದ ಹಾಗೆ," ಎಂದರು ನಿರ್ದೇಶಕರು, "ಅಲ್ಲಿ ವಿಪರೀತ ಚಳಿಯಂತೆ. ಈ ಕೋಟು ಒಣಗಿದ ಮೇಲೆ..."

 ಗುಮಾಸ್ತ ಕೋಟು ಬಿಚ್ಚಿ ಗಿಡ್ಡ ಕುರ್ಚಿಯ ಬೆನ್ನಿಗೆ ನೇತುಹಾಕಿದ. ಫೋನು ಅವನ ಕೈಯಲ್ಲಿ, "ರೀ, ಸೆಂಟು ಯಾವ ಬಣ್ಣದ್ದು ಬೇಕಂತೆ ಗೊತ್ತಾ?" ಎನ್ನುತ್ತಲೇ ಇತ್ತು. ಪ್ಯಾಂಟಿನಿಂದ ನೀರು ತೊಟ್ಟಿಕ್ಕಿಸುತ್ತ ಅವನು ಬಾಗಿಲು ದಾಟಿ ಹೊರಟುಹೋದ.

ಎಲ್ಲರೂ ಫೋಟೋಗೆ ಸಾಲಾಗಿ ನಿಂತರು. "ದ್ವೀಪ ಎಲ್ರೀ? ನಡುವೆ ನಿಲ್ಲಿಸ್ಬೇಕು ಅವರನ್ನ," ಎಂದು ನಿರ್ದೇಶಕರು ಸುತ್ತ ನೋಡಿದರು.

ಡ್ರೈವರ್ ಹೊರಗೆ ಇಣುಕಿದ. ಒದ್ದೆ ಹೆಜ್ಜೆ ಮೆಟ್ಟಿಲಿಳಿದು, ಗೇಟಿನವರೆಗೆ ಹೋಗಿ, ಬಿಸಿಲಲ್ಲಿ ಆರಿಹೋಗಿತ್ತು.

"ಮುಳುಗಿಹೋಯ್ತು ಸಾರ್."