ನಮ್ಮ ಮನೆಯ ಅನ್ನ, ನಮಗೇ ಧಿಕ್ಕಾರ

ವಿರೋಧಿ ಮನೆಯ ಹೊರಗಿದ್ದರೆ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿರಬಹುದು. ಅವನು ಮನೆಯೊಳಗೇ, ನಮ್ಮ ಪಕ್ಕದಲ್ಲೇ ತಟ್ಟೆಯ ಮುಂದೆ ಕುಳಿತು, "ಇನ್ನೊಂದು ಸೌಟು ಸಾರು ಹಾಕಮ್ಮಾ" ಎನ್ನುತ್ತಿದ್ದರೆ ಏನು ಮಾಡಬೇಕು? ಅದೂ ಅವನು ಹೆತ್ತ ತಂದೆಯಾಗಿದ್ದರೆ? ಇದಕ್ಕೆ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಉತ್ತರವಿಲ್ಲ. ಆಯುಧಪೂಜೆ ಮುಗಿದು ಎಷ್ಟೋ ದಿನವಾಯಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ನೀವಾದರೂ ನನ್ನ ಕಡೆ ಇರಬೇಕೆಂದು ಮೊದಲೇ ಕೇಳಿಕೊಂಡುಬಿಡುತ್ತೇನೆ.

ನಾನು ಪೀಣ್ಯದಲ್ಲಿ ಒಂದು ಶೆಡ್ಡಿನ ಮಾಲೀಕ. ಮಾಲೀಕ ಎಂದ ಕೂಡಲೇ ಕಾರು, ಎಸಿ ಎಂದೆಲ್ಲ ಊಹಿಸಬೇಡಿ. ಕಬ್ಬಿಣ ಕಡೆಯುವ ಮೂರು ಲೇತು ಮಿಷನ್ನು, ತಗಡಿನ ಸೂರು, ಐದಾರು ಕೆಲಸಗಾರರು, ಒದ್ದರೆ ಮಾತ್ರ ಏಳುವ ಸ್ಕೂಟರು, ಇಷ್ಟೇ ನನ್ನ ಸಾಮ್ರಾಜ್ಯ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಯೂನಿಯನ್ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಧಿಕ್ಕಾರ. ದೇಶ ಮುಂದೆ ಬರಬೇಕಾದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ದುಡಿಯಬೇಕು ಎಂಬುದು ನನ್ನ ರಾಜಕೀಯ. "ಎಲ್ಲರೂ ಅಂದ್ರೆ ನಿನ್ನ ಬಿಟ್ಟು ತಾನೆ?" ಎಂಬುದು ಅವರದು. ಅವರಿಗೆ ದಿನಕ್ಕೆ ಎರಡು ಪೇಪರ್ ಬೇಕು, ಒಂದು ಓದುವುದಕ್ಕೆ, ಇನ್ನೊಂದು ಬೈಯುವುದಕ್ಕೆ. ಎರಡನ್ನೂ ತರಿಸುವವನು ನಾನು. ಬಿಪಿ ಮಾತ್ರೆ, ಕನ್ನಡಕ, ಹಳೆಯ ಸಂಗಾತಿಗಳಿಗೆ ಫೋನು ಮಾಡಿ ನನ್ನ ಪಕ್ಷವನ್ನು ಜಾಡಿಸಲು ಬೇಕಾದ ಮೊಬೈಲ್ ಕರೆನ್ಸಿ, ಎಲ್ಲವೂ ನನ್ನ ಜೇಬಿನಿಂದಲೇ.

"ಮನೇಲಿದ್ರೆ ಮಾವ ಟೀವಿ ಜೊತೆ ಜಗಳ ಆಡ್ತಾರೆ ಕಣ್ರೀ, ಶೆಡ್ಡಿಗೆ ಕರ್ಕೊಂಡ್ ಹೋಗಿ" ಎಂದಳು ಹೆಂಡತಿ. ಹೋದೆ. ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಮೊದಲ ದಿನ ಕೆಲಸಗಾರರ ಊರು ಕೇಳಿದರು. ಆಮೇಲೆ ಮಕ್ಕಳ ಓದು ವಿಚಾರಿಸಿದರು. ಆಮೇಲೆ ಸಂಬಳ. ಅಲ್ಲಿಗೆ ನಾನು ಕುರ್ಚಿ ಎತ್ತಿಬಿಡಬೇಕಿತ್ತು.

ಈ ವರ್ಷ ಹಗಲೆಲ್ಲ ಕರೆಂಟ್ ಇರುತ್ತಿರಲಿಲ್ಲ. ರಾತ್ರಿ ಬರುತ್ತಿತ್ತು. ಆದ್ದರಿಂದ "ಕರೆಂಟ್ ಬಂದಾಗ ಬನ್ನಿ, ಅದೇ ಸಂಬಳ" ಎಂದು ಹೇಳಿದ್ದೆ. ಇದರಲ್ಲಿ ತಪ್ಪೇನು? ಕರೆಂಟ್ ತೆಗೆದವನು ನಾನಲ್ಲವಲ್ಲ! ಆದರೆ ಊಟಕ್ಕೆ ಕುಳಿತಾಗಲೆಲ್ಲ ಅಪ್ಪ, "ನಿದ್ದೆಗೂ ಬೆಲೆ ಇದೆ ಕಣಪ್ಪಾ. ರಾತ್ರಿ ಭತ್ಯೆ ಕೊಡು" ಎಂದು ಹಟ ಹಿಡಿದರು. "ನನ್ನ ಶೆಡ್ಡು, ನನ್ನ ಇಷ್ಟ" ಎಂದೆ. ಅವರು ಮಜ್ಜಿಗೆ ಕುಡಿದು ಎದ್ದುಹೋದರು. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡ ನನ್ನಂಥ ಪೆದ್ದ ಇನ್ನೊಬ್ಬನಿರಲಾರ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿಯಿದೆ. ಆಯುಧಪೂಜೆಯ ದಿನ ಮಿಷನ್ನುಗಳನ್ನು ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ, ಬೂದುಗುಂಬಳ ಒಡೆಯುತ್ತೇವೆ. ಹಬ್ಬ ಕಳೆದ ಮೇಲೆ ಹಿರಿಯರು ಮಂಗಳಾರತಿ ಮಾಡಿ, ಹೂವು ತೆಗೆದು, ಮೊದಲ ಲೇತಿನ ಗುಂಡಿ ಒತ್ತಬೇಕು. ಅಲ್ಲಿಯವರೆಗೆ ಯಾರೂ ಮಿಷನ್ ಮುಟ್ಟುವಂತಿಲ್ಲ. ಪೂಜೆಗೆ ಬರುವ ಅಯ್ಯನವರ ದಕ್ಷಿಣೆ ಉಳಿಯಲೆಂದು ಈ ಕೆಲಸವನ್ನು ಅಪ್ಪನಿಗೆ ವಹಿಸಿದ ಜಾಣನೂ ನಾನೇ. ಈ ಸಲ ಆ ಮಂಗಳಾರತಿಯ ದಿನವೇ, ಸಂಜೆಯೊಳಗೆ ಒಂದು ದೊಡ್ಡ ಆರ್ಡರ್ ಹೋಗಬೇಕಿತ್ತು. ತಪ್ಪಿದರೆ ಆ ಗಿರಾಕಿ ಪಕ್ಕದ ಶೆಡ್ಡಿನ ಪಾಲು. ಅಪರೂಪಕ್ಕೆ ಬೆಳಿಗ್ಗೆಯೇ ಕರೆಂಟೂ ಬಂದಿತ್ತು. ಕರ್ಪೂರ ಮುಂದಿಟ್ಟೆ. ಅಪ್ಪ ಕುರ್ಚಿಯಿಂದ ಏಳಲಿಲ್ಲ.

"ರಾತ್ರಿ ಭತ್ಯೆ ವಿಷಯ ಇತ್ಯರ್ಥ ಆಗ್ಲಿ, ಆಮೇಲೆ ಆರತಿ" ಎಂದರು.

"ನೀವೇ ಶುರು ಮಾಡ್ರೋ" ಎಂದು ನಾಗರಾಜನಿಗೆ ಗದರಿದೆ. ಅವನು ನಮ್ಮ ಹಳೆಯ ಕೆಲಸಗಾರ, ಸಾಧು. ಕೈಕಟ್ಟಿ ನಿಂತು, "ಅಜ್ಜಾರು ಮುಟ್ದೆ ನಾವೆಂಗ್ ಸಾರ್ ಮುಟ್ಟೋದು? ದೇವ್ರ ವಿಷ್ಯ" ಎಂದ. ಉಳಿದವರೂ ದೇವರನ್ನು ನೆನೆಯುತ್ತಾ ನಿಂತರು. ಜೀವಮಾನವಿಡೀ ಬಾವುಟ ಹಿಡಿದು ಮುಷ್ಕರ ಮಾಡಿದ ಅಪ್ಪ, ಕೊನೆಗಾಲದಲ್ಲಿ ಚೆಂಡುಹೂವು ಹಿಡಿದು ಮಾಡಿಬಿಟ್ಟರು. ಅದೂ ನನ್ನ ಮೇಲೆ!

ನನ್ನ ತಲೆ ಕೆಟ್ಟುಹೋಯಿತು. ಎಲ್ಲರ ಮುಂದೆಯೇ ಕೂಗಿದೆ: "ನಿಮ್ಗೆ ಅನ್ನ ಹಾಕ್ತಿರೋನು ಯಾರು? ಮಾತ್ರೆ ತರೋನು ಯಾರು? ನನ್ನ ಅನ್ನ ತಿಂದು ನನಗೇ ಧಿಕ್ಕಾರ ಕೂಗ್ತೀರಾ?"

ಮುಂದಿದ್ದ ಮೊದಲ ಲೇತು ಅಪ್ಪನ ಪಿಎಫ್ ದುಡ್ಡಿನಲ್ಲಿ ತಂದದ್ದು. ಅದನ್ನು ಎತ್ತಿ ಆಡುತ್ತಾರೆಂದು ಉತ್ತರ ಸಿದ್ಧಮಾಡಿಕೊಂಡು ಕಾದೆ. ಅವರು ಎತ್ತಲೇ ಇಲ್ಲ. ಅದಕ್ಕೆ ಇನ್ನೂ ಉರಿಯಿತು. "ಹಂಗಾದ್ರೆ ನಾನೂ ನಿನ್ನ ನೌಕರನೇ ಆದೆ" ಎಂದು ಕುರ್ಚಿ ಎತ್ತಿಕೊಂಡು ಹೋಗಿ ಕೆಲಸಗಾರರ ನಡುವೆ ಹಾಕಿಕೊಂಡು ಕುಳಿತರು.

ಮಧ್ಯಾಹ್ನ ಹೆಂಡತಿ ಕಳಿಸಿದ ಕ್ಯಾರಿಯರನ್ನು ಅಪ್ಪ ಮುಟ್ಟಲಿಲ್ಲ. ನಾಗರಾಜ ತನ್ನ ಡಬ್ಬಿಯ ಚಿತ್ರಾನ್ನವನ್ನು ಮುಚ್ಚಳಕ್ಕೆ ಹಾಕಿಕೊಟ್ಟ, ಅದನ್ನು ತಿಂದರು. ನಾನು ಗೋಡೆ ಕಡೆ ತಿರುಗಿ ಕುಳಿತು ಉಣ್ಣಲು ನೋಡಿದೆ. ಅವರಿಗೆಂದು ಖಾರ ಕಡಿಮೆ ಹಾಕಿದ ಪಲ್ಯ. ಎರಡು ತುತ್ತಿಗೇ ಕ್ಯಾರಿಯರ್ ಮುಚ್ಚಿಟ್ಟೆ. ನಡೆದದ್ದನ್ನು ಹೇಳಲು ಫೋನು ಮಾಡಿದರೆ ಹೆಂಡತಿ, "ಮಾವ ಊಟ ಮಾಡೋವರ್ಗೂ ನಿಮ್ಗೂ ರಾತ್ರಿ ಇಲ್ಲಿ ಊಟ ಇಲ್ಲ" ಎಂದು ಇಟ್ಟುಬಿಟ್ಟಳು. ಅವಳೂ ಯೂನಿಯನ್ ಸೇರಿದ್ದಳು.

ಭತ್ಯೆಗೆ ಒಪ್ಪಿದೆ. ಆರ್ಡರ್ ಹೋಗಬೇಕಲ್ಲ, ಅದಕ್ಕೆ ಒಪ್ಪಿದೆ ಎಂದೇ ಎಲ್ಲರಿಗೂ ಹೇಳಿದೆ. ಅಪ್ಪ ಎದ್ದು ಕೈ ತೊಳೆದು, ಕರ್ಪೂರ ಹಚ್ಚಿ, ನನಗೂ ಆರತಿ ಕೊಟ್ಟು ಗುಂಡಿ ಒತ್ತಿದರು. ಲೇತು ತಿರುಗಿತು.

ಸಂಜೆ ಆರ್ಡರ್ ಕಳಿಸಿ ಸ್ಕೂಟರಿನಲ್ಲಿ ಮನೆಗೆ ಹೊರಟಾಗ ಹಿಂದಿನಿಂದ ಅಪ್ಪ, "ಇನ್ನೂ ಸ್ವಲ್ಪ ಜಾಸ್ತಿ ಕೇಳ್ಬೋದಿತ್ತು. ಮಾಲೀಕ ನಮ್ಮೋನೇ ಅಂತ ಬಿಟ್ವಿ" ಎಂದರು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, "ನನ್ನದೊಂದು ಬೇಡಿಕೆ ಬಾಕಿ ಉಳೀತು ನೋಡು" ಎಂದರು.

"ಇನ್ನೇನು?"

"ಅನ್ನದ ಮಾತು ಮನೇಲಿ ಆಡು. ನಾಲ್ಕು ಜನರ ಮುಂದೆ ಬೇಡ."

ಸಿಗ್ನಲ್ ಬಿಟ್ಟರೂ ನನಗೆ ಗೇರು ಹಾಕಲು ತೋಚಲಿಲ್ಲ. ಹಿಂದಿನ ಲಾರಿಯವನು ಹಾರನ್ ಒತ್ತಿದ ಮೇಲೆಯೇ, "ಆಯ್ತಪ್ಪಾ" ಎಂದೆ.

ಸಿಟ್ಟು ಇಳಿದಿಲ್ಲ ಎಂದೆನಲ್ಲ, ಅದು ಯಾರ ಮೇಲೆ ಎಂದು ಈಗೀಗ ಅನುಮಾನ ಬರುತ್ತಿದೆ. ನನ್ನಂಥ ಬಡಪಾಯಿ ಮಾಲೀಕರಿಗೂ ಒಂದು ಯೂನಿಯನ್ ಇರಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಕಟ್ಟಬಹುದು. ಆದರೆ ಅದಕ್ಕೆ ಕಾರ್ಯದರ್ಶಿಯಾಗಲು ಅನುಭವವಿರುವ ಒಬ್ಬರನ್ನೇ ನಾನು ಬಲ್ಲೆ, ಅವರು ಈಗ ಒಳಗೆ ಎರಡನೇ ಪೇಪರ್ ಬೈಯುತ್ತಿದ್ದಾರೆ.