ಬೈಸಿಕೊಳ್ಳುವವರಿಗೆ ಸ್ವಾಗತ

ಇನ್ನು ಮೇಲೆ ಯಾರಿಗೂ ಬೈಯುವುದಿಲ್ಲವೆಂದು ಲಕ್ಷ್ಮೀನರಸಪ್ಪ ಘೋಷಿಸಿದ್ದು ಟೀ ಅಂಗಡಿಯ ಬೆಂಚಿನ ಮೇಲೆ ನಿಂತು. ಕೂತು ಹೇಳಿದರೆ ಊರಿನವರು ನಂಬುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಆಚೆ ಭಾನುವಾರದ ತನಕ ನನ್ನ ಬಾಯಿಂದ ಒಂದು ಕೆಟ್ಟ ಮಾತು ಬಂದ್ರೆ ಈ ಮೀಸೆ ಬೋಳಿಸ್ತೀನಿ."

"ನಿನ್ ಮೀಸೆ ತಗಂಡು ನಾವೇನ್ ಮಾಡಾನ?" ಎಂದಳು ಮೈಲಾರಮ್ಮ. "ಬೈದ್ರೆ ನಾವು ಬರಲ್ಲ. ಅಷ್ಟೇಯ."

ಮೈಲಾರಮ್ಮ ರೇಷ್ಮೆ ಹುಳ ಆಯುವ ಹೆಂಗಸರ ಗುಂಪಿನ ಯಜಮಾನಿ. ಹುಳ ಹಣ್ಣಾಯಿತೆಂದರೆ ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅವತ್ತೇ ಒಂದೊಂದನ್ನೂ ಕೈಯಲ್ಲಿ ಆಯ್ದು ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಇಲ್ಲವಾದರೆ ಕಸದಲ್ಲೇ ಗೂಡು ಕಟ್ಟಿ ಇಡೀ ಬೆಳೆ ಹಾಳು. ಹೋದ ಬೆಳೆಯಲ್ಲಿ ಹೆಂಗಸರು ಕೆಲಸ ಮಾಡುತ್ತ ನಕ್ಕರೆಂದು ಲಕ್ಷ್ಮೀನರಸಪ್ಪ ಅವರ ಏಳು ತಲೆಮಾರನ್ನೂ ವಿಚಾರಿಸಿಕೊಂಡಿದ್ದ. ಅವರು ಅರ್ಧ ಹುಳ ಬಿಟ್ಟು ಎದ್ದು ಹೋಗಿದ್ದರು. ಅಂದಿನಿಂದ ಹೆಂಡತಿ ಕೆಂಪಕ್ಕ ಅವನ ತಟ್ಟೆಗೆ ಮುದ್ದೆ ಇಡುತ್ತಿರಲಿಲ್ಲ, ಎಸೆಯುತ್ತಿದ್ದಳು.

"ಒಂದು ವಾರ ಏನು, ಒಂದು ವರ್ಷ ಸುಮ್ಕಿರ್ತೀನಿ," ಎಂದು ಅವನು ಎದೆ ತಟ್ಟಿಕೊಂಡ.

ಆಣೆಗೆ ಅವನು ಆರಿಸಿಕೊಂಡ ವಾರ ಮಾತ್ರ ಅತಿ ಕೆಟ್ಟದ್ದು. ರತ್ನಗಿರಿ ಕೋಟೆ ನೋಡಲು ಬರುವ ಬೆಂಗಳೂರಿನ ಗಾಡಿಗಳು ಅವನ ತೋಟದ ಮುಂದೆಯೇ ಹಾಯುತ್ತವೆ. ಕೆಂಪಕ್ಕನ ತಮ್ಮ ನರೇಶ್, ಆಟೋ ಓಡಿಸುವವನು, ಆ ಗಾಡಿಗಳನ್ನು ತೋಟಕ್ಕೆ ತಿರುಗಿಸುವ ಯೋಜನೆ ಹಾಕಿದ್ದ.

"ಬಾವ, ಸಿಟಿ ಜನಕ್ಕೆ ಏನು ಬೇಕು ಅಂತ ನಂಗೆ ಬಿಡು," ಎಂದು ಹಿಂದೂಪುರದಿಂದ ಪ್ಲಾಸ್ಟಿಕ್ ಹುಲ್ಲು, ಬಣ್ಣದ ಛತ್ರಿಗಳನ್ನು ತಂದು ಹಾಸಿ ನೆಟ್ಟ. ನಡುವೆ ಒಂದು ಸಿಮೆಂಟಿನ ಜಿಂಕೆ. ಮೇಸ್ತ್ರಿ ರಮೇಶ್ ಕುತ್ತಿಗೆಯನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಸಿಮೆಂಟು ಮುಗಿಯುವ ತನಕ ಎಳೆದಿದ್ದ. ಅದು ಒಂಟೆಯ ದೂರದ ನೆಂಟನಂತೆ ಕೋಟೆಯ ಕಡೆ ನೋಡುತ್ತಿತ್ತು.

"ಯಾರಾದ್ರೂ ಬರ್ಲಿ, ಹೋಗ್ಲಿ," ಎಂದಳು ಕೆಂಪಕ್ಕ. "ಹುಳದ ಮನೆ ಹತ್ರ ಮಾತ್ರ ಒಂದು ಪಿಳ್ಳೇನೂ ಬರಂಗಿಲ್ಲ. ಹುಳ ಈಗ ತಾನೇ ಜ್ವರ ಬಿಟ್ಟು, ಪೊರೆ ಕಳಚಿ ಮೇವಿಗೆ ಬಿದ್ದಾವೆ. ಸೆಂಟಿನ ವಾಸನೆ ತಗುಲಿದ್ರೆ ಮೇಯಾದೇ ಬಿಡ್ತಾವೆ."

ಭಾನುವಾರ ಮೊದಲ ವ್ಯಾನು ಬಂತು. ಮೊದಲು ಇಳಿದವಳು ಗಂಗೋತ್ರಿ ಎಂಬ ಹುಡುಗಿ. ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟು ಮುಖ ಹುಳ್ಳಗೆ ಮಾಡಿದಳು.

"ಅಂಕಲ್, ಇದು ಪ್ಲಾಸ್ಟಿಕ್ಕಾ?"

"ಹೌದಮ್ಮ," ಎಂದ ಲಕ್ಷ್ಮೀನರಸಪ್ಪ. "ಕಾಲಿಗೆ ಮಣ್ಣಾಗಲ್ಲ."

"ಮಣ್ಣು ಮಾಡ್ಕೊಳ್ಳೋಕೇ ಅಲ್ವಾ ನಾವು ಬಂದಿರೋದು?"

ಛತ್ರಿಯ ಕೆಳಗೆ ಒಬ್ಬರೂ ಕೂರಲಿಲ್ಲ. ಜಿಂಕೆಯನ್ನು ಒಬ್ಬರೂ ನೋಡಲಿಲ್ಲ. ಭರತ್ ಎಂಬ ಎತ್ತರದ ಯುವಕ ಕಡಲೆಬಳ್ಳಿಯ ಬಣವೆ ಹತ್ತಿ ಜಾರಿದ. ಅವನ ಹಿಂದೆ ಉಳಿದವರೂ ಜಾರಿದರು. ಬಣವೆಯೂ ಅವರ ಹಿಂದೆಯೇ ಜಾರಿತು. ಲಕ್ಷ್ಮೀನರಸಪ್ಪ ಹೆಗಲ ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ಬೋರಿನ ಪೈಪಿನ ಕೆಳಗೆ ನಿಂತು ಅವರು ಬದನೆ ಪಾತಿಯನ್ನೆಲ್ಲ ತುಳಿದರು. ಟವೆಲು ಅರ್ಧ ಒಳಗೆ ಹೋಯಿತು. ಕರು ಬೇಜಾರಲ್ಲಿದೆಯೆಂದು ಯಾರೋ ಬಿಚ್ಚಿಬಿಟ್ಟರು. ಅದು ಕುಣಿಯುತ್ತ ಹಿಪ್ಪುನೇರಳೆ ಸಾಲಿಗೆ ನುಗ್ಗಿ ಹುಳದ ಪಾಲಿನ ಸೊಪ್ಪನ್ನು ಮೇಯತೊಡಗಿತು. ಈಗ ಬಾಯಿಂದ ಆಚೆ ಉಳಿದಿದ್ದು ಟವೆಲಿನ ಅಂಚು ಮಾತ್ರ.

"ಉಸಿರಾಡು," ಎಂದಳು ಕೆಂಪಕ್ಕ ಹುಳದ ಮನೆಯ ಬಾಗಿಲಿಂದ, ಮೊದಲ ಬಾರಿಗೆ ಸ್ವಲ್ಪ ಕನಿಕರದಿಂದ.

"ಹೆಂಗೈತೆ ಸಾರ್ ನಮ್ ಪಾರ್ಕು?" ಎಂದು ನರೇಶ್ ಭರತನನ್ನು ಕೇಳಿದ.

"ಓಕೆ. ಸ್ವಲ್ಪ ಬೋರು."

ಕೆಂಪಕ್ಕ ಕರು ಹಿಡಿಯಲು ಓಡಿದ ಹೊತ್ತಿಗೆ ಗಂಗೋತ್ರಿ ಹುಳದ ಮನೆಯ ಗೋಡೆಗೆ ಕಿವಿಯಿಟ್ಟಳು. "ಇಲ್ಲಿ ಬನ್ರೋ, ಒಳಗಡೆ ಮಳೆ ಬರ್ತಿದೆ." ಸಾವಿರಾರು ಹುಳ ಸೊಪ್ಪು ಮೇಯುವ ಸದ್ದು ಅದು, ಸೋನೆ ಮಳೆಯಂತೆಯೇ ಕೇಳಿಸುತ್ತದೆ. ಎಲ್ಲರಿಗಿಂತ ಮೊದಲು ಚಿಲಕಕ್ಕೆ ಕೈಹಾಕಿದವನು ಭರತ್. ಅವನು ಪೂಸಿಕೊಂಡಿದ್ದ ಸೆಂಟು ದೂರದ ಮಡಕಶಿರಾ ಪೇಟೆಯಲ್ಲಿ ನಿಂತವರಿಗೂ ತಿಳಿಯುವಂತಿತ್ತು.

ಟವೆಲು ಗುಂಡಿನಂತೆ ಹೊರಗೆ ಹಾರಿತು.

"ಎಲೇ ಅತ್ತರು ಬಾಟ್ಲಿ! ಮುಟ್ಟಿದ್ಯೋ, ನಿನ್ನೇ ಚಂದ್ರಿಕೆಗೆ ಹತ್ತಿಸ್ತೀನಿ. ಅದೇನು ನಿಮ್ಮಪ್ಪ ಒಟ್ಟಿದ ಬಣವೇನಾ? ಬೇಜಾರಾಗೈತೆ ಅಂತ ಕರು ನಿಮ್ಮ ಕಿವೀಲಿ ಬಂದು ಹೇಳ್ತಾ?"

ಇದು ಪೀಠಿಕೆ. ಬೈಗುಳ ಕನ್ನಡದಲ್ಲಿ ಹೊರಟು, ತೆಲುಗಿನಲ್ಲಿ ಗೇರು ಬದಲಿಸಿ, ಹಿಂದೂಪುರದ ಸಂತೆಯಲ್ಲಿ ಕಲಿತ ಉರ್ದುವನ್ನು ಹತ್ತಿಸಿಕೊಂಡು ಮತ್ತೆ ಕನ್ನಡಕ್ಕೆ ಬಂದು ನಿಂತಿತು. ಕೋಟೆಯ ಮೇಲಿನ ಕೋತಿಗಳು ಕೂಡ ಇಳಿದು ಹೋದವೆಂದು ನರೇಶ್ ಇಂದಿಗೂ ಹೇಳುತ್ತಾನೆ.

ಎಲ್ಲರೂ ಗರಬಡಿದವರಂತೆ ನಿಂತರು. ಆಮೇಲೆ ಚಪ್ಪಾಳೆ ಬಿತ್ತು.

"ನಮ್ಮಜ್ಜ ಹಿಂಗೇ ಬೈತಿದ್ರು," ಎಂದು ಗಂಗೋತ್ರಿ ಕಣ್ಣೊರೆಸಿಕೊಂಡಳು. "ನಮ್ಮ ಅಪಾರ್ಟ್‌ಮೆಂಟಲ್ಲಿ ಯಾರೂ ಬೈಯೋದೇ ಇಲ್ಲ ಅಂಕಲ್. ವಾಟ್ಸಾಪಲ್ಲಿ 'ಕೈಂಡ್ಲಿ' ಅಂತ ಹಾಕ್ತಾರೆ." ಭರತ್ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ.

ಎರಡು ಹೊಲದಾಚೆ ಕಳೆ ಕೀಳುತ್ತಿದ್ದ ಮೈಲಾರಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು. "ಕೇಳಿಸ್ತು ಕಣಪ್ಪೋ," ಎಂದು ಕೂಗಿದಳು. ಸಂಜೆ ಕ್ಷೌರದವನು ಕರೆಯದೆಯೇ ಮನೆಗೆ ಬಂದ.

ಮುಂದಿನ ಭಾನುವಾರ ಬೆಳಗಾಗುವಾಗಲೇ ಹುಳ ಹಣ್ಣಾಗಿದ್ದವು. ಹೆಂಗಸರನ್ನು ಕರೆಯಲು ಹೋದ ನರೇಶನ ಆಟೋ ಖಾಲಿ ಬಂತು. ಕೆಂಪಕ್ಕ ಗಂಡನ ಮುಖವನ್ನೂ ನೋಡದೆ ಒಬ್ಬಳೇ ಆಯಲು ಕೂತಳು. ಅವನು ಒಳಗೆ ಹೋಗಬೇಕೆನ್ನುವಷ್ಟರಲ್ಲಿ ಭರತನ ವಿಡಿಯೋ ನೋಡಿದವರನ್ನು ತುಂಬಿಕೊಂಡು ಮೂರು ವ್ಯಾನು ಒಟ್ಟಿಗೆ ಬಂದು ನಿಂತವು.

"ಆ ಮೀಸೆ ಅಂಕಲ್ ಎಲ್ಲಿ? ಬೈಗುಳ ಎಷ್ಟು ಗಂಟೆಗೆ?"

ನರೇಶ್ ಬಾವನನ್ನು ಜಿಂಕೆಯ ಕಟ್ಟೆಯ ಮೇಲೆ ಹತ್ತಿಸಿದ. ಲಕ್ಷ್ಮೀನರಸಪ್ಪ ಗಂಟಲು ಸರಿಮಾಡಿಕೊಂಡ. ಬೋಳು ತುಟಿಯ ಮೇಲೆ ಗಾಳಿ ತಣ್ಣಗೆ ಆಡಿತು. ಹುಟ್ಟಿದಾಗಿನಿಂದ ಕರೆಯದೆಯೇ ಬರುತ್ತಿದ್ದ ಸಿಟ್ಟು ಅವತ್ತು ಕರೆದರೂ ಬರಲಿಲ್ಲ.

"ಎಲೇ..." ಎಂದ. "ಎಲ್ಲಾರ್ದೂ ಊಟ ಆಯ್ತಾ?"

"ಇವ್ರು ಡೂಪು," ಎಂದು ಯಾರೋ ಅಂದರು. ಜನ ವ್ಯಾನಿನ ಕಡೆ ತಿರುಗಿದರು.

ಆಗ ಹುಳದ ಮನೆಯ ಬಾಗಿಲು ದಡಾರನೆ ತೆರೆಯಿತು. ತಲೆ ತುಂಬ ಸೊಪ್ಪಿನ ಚೂರು ಸಿಕ್ಕಿಸಿಕೊಂಡು ಕೆಂಪಕ್ಕ ಬಂದಳು.

"ಹುಳ ಕಸದಾಗೆ ಗೂಡು ಕಟ್ತಾವೆ, ನೀನು ಜಿಂಕೆ ಪಕ್ಕ ಇನ್ನೊಂದು ಜಿಂಕೆ ಆಗಿ ನಿಂತ್ಕಂಡಿದೀಯ? ಬಾಯಿ ಮುಚ್ಕಳಪ್ಪ ಅಂದಾಗ ಊರಿಗೆಲ್ಲ ಕೇಳಂಗೆ ಬಿಟ್ಟೆ. ಇವತ್ತು ಬಿಡು ಅಂದ್ರೆ ಊಟ ವಿಚಾರಿಸ್ತೀಯ. ನಿನ್ನ ಬಾಯಿಗಿಂತ ಆ ಸಿಮೆಂಟ್ ಪ್ರಾಣಿ ವಾಸಿ, ಯಾವತ್ತೂ ಒಂದೇ ತರ ಐತೆ."

ಮುಚ್ಚಿದ ವ್ಯಾನಿನ ಬಾಗಿಲುಗಳು ಮತ್ತೆ ತೆರೆದವು. ಕೆಂಪಕ್ಕ ಆ ಕಡೆ ತಿರುಗಿದಳು.

"ಏನ್ ನೋಡ್ತೀರ? ದೇವ್ರು ಕೈ ಕೊಟ್ಟಿಲ್ವಾ? ಸೆಂಟು ಬಳ್ಕಂಡಿರೋರೆಲ್ಲ ಬಟ್ಟೆ ಸಮೇತ ಪೈಪಿನ ಕೆಳಗೆ ನಡೀರಿ. ಚಪ್ಪಲಿ ಆಚೆ. ಹಲ್ಲು ಬಿಡೋದು ಆಮೇಲೆ."

ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಪೈಪಿನ ಕೆಳಗೆ ಮೊದಲು ನಿಂತವನು ಈ ವಾರವೂ ಬಂದಿದ್ದ ಭರತ್.

ಹೊತ್ತು ಇಳಿಯುವ ತನಕ ಹುಳದ ಮನೆಯಲ್ಲಿ ಬೆಂಗಳೂರು ಸಾಲುಸಾಲಾಗಿ ಕೂತು ಹುಳ ಆರಿಸಿತು. "ಮೆತ್ತಗೆ ಹಿಡಿ, ಅದೇನು ಮೊಬೈಲಾ?" "ಏಯ್ ಕನ್ನಡಕ, ಹಸಿ ಹುಳ ಯಾವ್ದು, ಹಣ್ಣು ಹುಳ ಯಾವ್ದು ಕಾಣಿಸ್ತಿಲ್ವಾ?" ಬೈಸಿಕೊಂಡವರ ಮುಖ ಅರಳುತ್ತಿತ್ತು, ಪಕ್ಕದವರ ಮುಖ ಬಾಡುತ್ತಿತ್ತು. ಚಂದ್ರಿಕೆಗಳು ಒಂದೊಂದಾಗಿ ತುಂಬಿದವು.

ಕೊನೆಯ ಸಾಲಿನಲ್ಲಿ ಲಕ್ಷ್ಮೀನರಸಪ್ಪ ತಲೆ ತಗ್ಗಿಸಿ ಆಯುತ್ತಿದ್ದ. ಕೆಂಪಕ್ಕ ಹಾದುಹೋದಾಗಲೆಲ್ಲ ನಿಂತು ಅವನಿಗೆ ಒಂದು ಸುತ್ತು ಕೊಟ್ಟೇ ಮುಂದೆ ನಡೆಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಶ್ರೀಧರ್, ಕಟ್ಟೆಯ ಮಾತೆಲ್ಲ ಮುಗಿಯುವ ತನಕ ಮೂರನೆಯ ವ್ಯಾನಿನಲ್ಲಿ ನಿದ್ದೆ ಹೊಡೆದಿದ್ದವನು, ಬಹಳ ಹೊತ್ತು ನೋಡಿ ನೋಡಿ ತಡೆಯಲಾರದೆ ಪಿಸುಗುಟ್ಟಿದ.

"ಸಾರ್, ನಮಗೆಲ್ಲ ಒಂದೊಂದೇ ಸಲ ಬೈದ್ರು. ನಿಮ್ಮನ್ನ ಮಾತ್ರ ಹುಡುಕ್ಕೊಂಡು ಬಂದು ಬೈತಾರಲ್ಲ. ಮುಂಚೆನೂ ಬಂದಿದ್ರಾ?"

"ಮೀಸೆ ಚಿಗುರಿದಾಗಿಂದ ಇಲ್ಲೇ ಇದೀನಪ್ಪ."

ಶ್ರೀಧರನ ಕೈಯಲ್ಲಿದ್ದ ಹುಳ ಹಾಗೆಯೇ ನಿಂತಿತು. "ಅಷ್ಟು ದಿನ ಇರೋಕೆ ಬಿಡ್ತಾರಾ?"

ಲಕ್ಷ್ಮೀನರಸಪ್ಪ ಬೋಳು ತುಟಿ ಸವರಿಕೊಂಡು ಕೆಂಪಕ್ಕನ ಕಡೆ ನೋಡಿದ. ಅವಳು ಈ ಕಡೆಗೇ ಬರುತ್ತಿದ್ದಳು.

"ಹುಳ ಎಲ್ಲಾ ಹತ್ತಿ ಮುಗೀಲಿ," ಎಂದ ಮೆಲ್ಲಗೆ. "ಕೇಳಿ ನೋಡ್ತೀನಿ."