ಗ್ಯಾಂಗ್‌ಸ್ಟರ್‌ಗಳಿಗೆ ಫ್ರೇಮು ಹಾಕಿದ್ದು

ವೆಂಬ್ಲಿಯಲ್ಲಿ ಫೋಟೋ ಫ್ರೇಮಿನ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆರೆದರೆ ಸಾಕು, ಅದೇ ಒಳಗೆ ಬರುತ್ತದೆ. ತೊಂಬತ್ತರ ದಶಕದಲ್ಲಿ ನನ್ನ ಅಂಗಡಿಗೆ ಹತ್ತಿರದ ಸ್ಟ್ಯಾನ್ಮೋರಿನ ಯಹೂದಿ ಚಿತ್ರಕಾರರೊಬ್ಬರು ಬಂದರು. ಅವರು ಬರೆಯುತ್ತಿದ್ದದ್ದು ಹಳೆಯ ಕಾಲದ ಅಮೆರಿಕದ ಯಹೂದಿ ಗ್ಯಾಂಗ್‌ಸ್ಟರ್‌ಗಳ ಭಾವಚಿತ್ರ. ಕೋಟು, ಟೈ, ಹ್ಯಾಟು ಎಲ್ಲ ಇದೆ, ಆದರೆ ಎಲ್ಲರೂ ಕೊಲೆಗಡುಕರು!

ಅವರ ಮೊದಲ ಪ್ರದರ್ಶನ ಹತ್ತಿರ ಬಂದಿತ್ತು. "ಬೇರೆ ಯಾರೂ ಬರದಿದ್ದರೂ ಪರವಾಗಿಲ್ಲ, ನನ್ನಮ್ಮ ಬಂದು ಮೆಚ್ಚಬೇಕು. 'ನಮ್ಮವರಲ್ಲಿ ಡಾಕ್ಟರುಗಳು ಇರಲಿಲ್ಲವಾ, ಈ ಪುಂಡರೇ ಬೇಕಿತ್ತಾ?' ಅಂತ ಬೈದು, ನನ್ನ ಚಿತ್ರ ನೋಡುವುದನ್ನೇ ಬಿಟ್ಟಿದ್ದಾಳೆ" ಎಂದರು. ಐವತ್ತು ದಾಟಿದ ಮನುಷ್ಯ ಮುಖ ಸಣ್ಣದು ಮಾಡಿಕೊಂಡದ್ದು ನೋಡಿ ನನಗೆ ಅಯ್ಯೋ ಅನಿಸಿತು.

೧. ಎರಡು ಕೊಕ್ಕೆ

ನನ್ನಲ್ಲಿಗೆ ಬರುವುದೆಲ್ಲ ದೇವರ ಫೋಟೋ, ಇಲ್ಲವೇ ತೀರಿಕೊಂಡ ಹಿರಿಯರ ಫೋಟೋ. ಅದೇ ಅಭ್ಯಾಸದಲ್ಲಿ ಗ್ಯಾಂಗ್‌ಸ್ಟರ್‌ಗಳ ಫ್ರೇಮಿಗೂ ಮೇಲೆ ಎರಡೆರಡು ಕೊಕ್ಕೆ ಹೊಡೆದುಬಿಟ್ಟೆ.

"ಇದು ಯಾಕೆ?" ಎಂದರು ಚಿತ್ರಕಾರರು.

"ಹಾರ ಹಾಕುವುದಕ್ಕೆ. ನಮ್ಮಲ್ಲಿ ಸತ್ತವರ ಫೋಟೋಗೆ ಹಾಕುತ್ತೇವೆ."

ಅವರು ಕೊಕ್ಕೆಗಳನ್ನು ಎಣಿಸಿದರು. "ಇವರು ಕೊಂದವರಿಗೂ ಹಾಕಬೇಕು ಅಂದರೆ ನಿಮ್ಮ ಕೊಕ್ಕೆ ಸಾಲುವುದಿಲ್ಲವಲ್ಲ!"

೨. ಕೈ ಮುಗಿದ ಆಂಟಿ

ಫ್ರೇಮು ಹಾಕಿದ ಚಿತ್ರಗಳನ್ನು ಗೋಡೆಗೆ ಸಾಲಾಗಿ ತೂಗುಹಾಕಿದ್ದೆ. ಗ್ರೀನ್‌ಫರ್ಡಿನಿಂದ ನಮ್ಮ ಉಡುಪಿ ಕಡೆಯ ಆಂಟಿಯೊಬ್ಬರು ಬಂದವರೇ ಚಪ್ಪಲಿ ಕಳಚಿ ಕೈ ಮುಗಿದರು.

"ಎಂತ ಕಳೆ ಮಾರಾಯ್ರೆ! ನಿಮ್ಮ ಅಜ್ಜಂದಿರಾ?"

"ಅಲ್ಲ ಆಂಟಿ, ಕೊಲೆಗಾರರು."

ಮುಗಿದ ಕೈ ಇಳಿಯಲಿಲ್ಲ. "ಇರ್ಲಿ ಬಿಡಿ. ಹಾಗೆ ನೋಡಿದ್ರೆ ನಮ್ಮ ಮಾವನ ಫೋಟೋಗೆ ನಾನು ದಿನಾ ಕೈ ಮುಗಿಯುದಿಲ್ವಾ?"

೩. ಅಮ್ಮನ ತೀರ್ಪು

ಪ್ರದರ್ಶನಕ್ಕೆ ಅಮ್ಮ ಬಂದೇಬಿಟ್ಟರು! ಸೊಸೆ ಹೇಗೋ ಪುಸಲಾಯಿಸಿ ಕಾರು ಹತ್ತಿಸಿದ್ದರಂತೆ. ಆ ಹೊತ್ತಿನವರೆಗೂ ಚಿತ್ರ ತೂಗುಹಾಕುತ್ತಿದ್ದ ಮಗನ ಶರ್ಟು ಮುದುಡಿ ಮುದ್ದೆಯಾಗಿತ್ತು. ಅಮ್ಮ ಒಂದೊಂದೇ ಚಿತ್ರ ನೋಡುತ್ತ ಬಂದು, ಎಲ್ಲರಿಗಿಂತ ಭಯಂಕರವಾಗಿದ್ದವನ ಎದುರು ನಿಂತರು.

"ಇವನು ಎಷ್ಟು ಜನರನ್ನು ಕೊಂದ?"

"ಲೆಕ್ಕ ಸಿಕ್ಕಿಲ್ಲಮ್ಮ."

"ಇದು ನನಗೆ ಬೇಕು. ನಮ್ಮನೆ ಊಟದ ಮೇಜಿನ ಎದುರಿಗೆ ತೂಗುಹಾಕು."

ಮಗ ಹಿಗ್ಗಿ ಹೀರೇಕಾಯಿಯಾದರು. "ನಿಜವಾಗಲೂ ಹಿಡಿಸಿತಾ ಅಮ್ಮ?"

ಅಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಊಟಕ್ಕೆ ಬಂದಾಗಲೆಲ್ಲ ನೋಡಿ ಕಲಿ. ಅಷ್ಟು ಜನರನ್ನು ಕೊಲ್ಲುವ ಗಡಿಬಿಡಿಯಲ್ಲೂ ಇವನು ಶರ್ಟಿಗೆ ಇಸ್ತ್ರಿ ಹಾಕಿಕೊಂಡಿದ್ದಾನೆ!"